ಕೂಡಿ ಕೊಂಡ ನೆಲ

ನೆಲದ ಮೇಲಿನ ಆಸೆ ಮನುಷ್ಯನಿಗೆ ಹೊಸದಲ್ಲ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂಬ ಒಂದು ಮಾತಿನಿಂದ ಹದಿನೆಂಟು ಅಕ್ಷೋಹಿಣಿ ಸೈನ್ಯ ಅಳಿದ ಕಥೆಯನ್ನು ನಮ್ಮ ಮಕ್ಕಳು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕೇಳಿರುತ್ತಾರೆ. ಹೊಸದಾಗಿರುವುದು ಆ ಆಸೆ ನಮ್ಮ ಕಾಲದಲ್ಲಿ ತಳೆದಿರುವ ರೂಪ. ಹಿಂದೆ ಸಂಬಳದವನೊಬ್ಬನು ಹತ್ತು ಹದಿನೈದು ವರ್ಷ ಹೊಟ್ಟೆಬಟ್ಟೆ ಕಟ್ಟಿ ತನಗೆಂದು ಒಂದು ನಿವೇಶನವನ್ನು ಕೊಳ್ಳುತ್ತಿದ್ದನು. ಈಗ ಒಂದೇ ಕಚೇರಿಯ ನಾಲ್ವರು, ಒಂದೇ ಕಾಲೇಜಿನಲ್ಲಿ ಓದಿದ ಆರು ಮಂದಿ, ಇಬ್ಬರು ಷಡ್ಡಕರು ಮತ್ತು ಅವರ ಭಾವಮೈದುನ, ಹೀಗೆ ಗುಂಪುಗೂಡಿ, ಹಣ ಕೂಡಿಸಿ, ಎಕರೆಯ ಲೆಕ್ಕದಲ್ಲಿ ಭೂಮಿಯನ್ನು ಕೊಳ್ಳುತ್ತಿದ್ದಾರೆ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಕನಕಪುರಗಳ ಕಡೆಗೆ ಹೊರಡುವ ಕಾರುಗಳಲ್ಲಿ ದೇವರ ದರ್ಶನಕ್ಕೆ ಹೋಗುವವರೆಷ್ಟೋ, ಭೂಮಿಯ ದರ್ಶನಕ್ಕೆ ಹೋಗುವವರೂ ಅಷ್ಟೇ ಇರಬಹುದೆಂದು ನನಗೆ ತೋರುತ್ತದೆ.

ಈ ಪ್ರವೃತ್ತಿಗೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಮೊದಲನೆಯದು ಬೆಲೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಆರಂಭವಾದ ಮೇಲೆ ನಗರದ ಉತ್ತರ ದಿಕ್ಕಿನ ನೆಲದ ಬೆಲೆ ಒಬ್ಬನ ಸಂಬಳದ ಅಳತೆಯನ್ನು ಮೀರಿತು. ಉಳಿದ ದಿಕ್ಕುಗಳೂ ಹಿಂದೆ ಬೀಳಲಿಲ್ಲ. ಎರಡನೆಯದು ಕಾನೂನು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳು ಬೇಸಾಯಗಾರನಲ್ಲದವನು ಬೇಸಾಯದ ಭೂಮಿಯನ್ನು ಕೊಳ್ಳದಂತೆ ತಡೆದಿದ್ದುವು. 2020ರಲ್ಲಿ ಆ ತಡೆಯನ್ನು ತೆಗೆದುಹಾಕಲಾಯಿತು. ಅದರಿಂದ, ನೇಗಿಲನ್ನು ಚಿತ್ರದಲ್ಲಿ ಮಾತ್ರ ಕಂಡವರಿಗೂ ಹೊಲದ ಬಾಗಿಲು ತೆರೆಯಿತು. ಮೂರನೆಯ ಕಾರಣ ಮನಸ್ಸಿನದು. ಅಪರಿಚಿತ ವರ್ತಕನನ್ನು ನಂಬಿ ಹಣ ಕಳೆದುಕೊಂಡವರ ಸುದ್ದಿಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಆದುದರಿಂದ ಪರಿಚಿತರೊಡನೆ ಕೂಡಿದರೆ ಅಪಾಯವಿಲ್ಲವೆಂದು ಭಾವಿಸುತ್ತೇವೆ. ಮೊದಲ ಎರಡು ಕಾರಣಗಳ ಮೇಲೆ ಚರ್ಚೆ ಸಾಕಷ್ಟು ನಡೆದಿದೆ. ನಾನು ಇಲ್ಲಿ ಪರಿಶೀಲಿಸಬಯಸುವುದು ಮೂರನೆಯದನ್ನು. ಪರಿಚಿತರೊಡನೆ ಕೂಡುವುದು ಒಂದು ಬಗೆಯ ಅಪಾಯವನ್ನು ಕಡಮೆ ಮಾಡುತ್ತದೆ ನಿಜ. ಆದರೆ ಇನ್ನೊಂದು ಬಗೆಯ ಅಪಾಯವನ್ನು ತಂದಿಡುತ್ತದೆ. ಆ ಎರಡನೆಯದು ಮನೆಯೊಳಗಿನಿಂದ ಬರುವುದರಿಂದ ನಮಗೆ ಬೇಗ ಕಾಣುವುದಿಲ್ಲ.

ಕೂಡಿ ಆಸ್ತಿ ಹೊಂದುವುದು ನಮ್ಮ ನಾಡಿಗೆ ಅಪರಿಚಿತವೇ? ಖಂಡಿತ ಅಲ್ಲ. ಭಾರತದ ಬಹುಭಾಗದ ಹಿಂದೂ ಅವಿಭಕ್ತ ಕುಟುಂಬಗಳ ಆಸ್ತಿಯ ಧರ್ಮವನ್ನು ನಿರ್ಣಯಿಸಿದ ಮಿತಾಕ್ಷರವು ಹುಟ್ಟಿದ್ದು ಕನ್ನಡ ನೆಲದಲ್ಲಿ. ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಆ ವ್ಯವಸ್ಥೆಯಲ್ಲಿ ಪಾಲಾಗುವವರೆಗೆ ಯಾರ ಭಾಗ ಎಷ್ಟೆಂಬುದು ಗೊತ್ತಾಗಿರುವುದಿಲ್ಲ. ಹುಟ್ಟು ಸಾವುಗಳೊಡನೆ ಭಾಗ ಕುಗ್ಗುತ್ತ ಹಿಗ್ಗುತ್ತ ಇರುತ್ತದೆ. ಮನೆಯ ಹಿರಿಯನ ಮಾತು ಲೆಕ್ಕಪುಸ್ತಕದ ಸ್ಥಾನದಲ್ಲಿ ನಿಲ್ಲುತ್ತದೆ. ಇನ್ನೊಂದು ಬಗೆಯ ಕೂಡಿಕೆಯೂ ನಮ್ಮಲ್ಲಿ ಬೆಳೆಯಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದು. ಅಲ್ಲಿಯೂ ಇದ್ದವರು ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು. ಆದರೆ ಅಲ್ಲಿ ನಿಯಮಾವಳಿ ಇತ್ತು, ರುಜು ಇತ್ತು, ಲೆಕ್ಕವಿತ್ತು. ಹಿರಿಯನ ಮಾತನ್ನು ನಂಬುವುದು ಒಂದು ಸಂಪ್ರದಾಯ. ಬರೆದ ಲೆಕ್ಕವನ್ನು ನಂಬುವುದು ಮತ್ತೊಂದು. ಇಂದು ಗೆಳೆಯರು ಕೂಡಿ ನೆಲ ಕೊಳ್ಳುವಾಗ ಅವಿಭಕ್ತ ಕುಟುಂಬದ ಮನಸ್ಸನ್ನು ಇಟ್ಟುಕೊಂಡು, ಆ ಕುಟುಂಬಕ್ಕಿದ್ದ ಹಿರಿಯನಿಲ್ಲದೆ, ಸಂಘಕ್ಕಿದ್ದ ಪುಸ್ತಕವೂ ಇಲ್ಲದೆ ವ್ಯವಹರಿಸುತ್ತಾರೆ. ತೊಡಕಿನ ಮೂಲ ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಪುಸ್ತಕವೊಂದಿದ್ದರೆ ಎಲ್ಲವೂ ಸರಿಯಾಗುತ್ತದೆಯೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಗೃಹನಿರ್ಮಾಣ ಸಹಕಾರ ಸಂಘಗಳ ಚರಿತ್ರೆ ನಮ್ಮ ಕಣ್ಣ ಮುಂದಿದೆ. ಮಧ್ಯವರ್ತಿಯ ಮೂಲಕ ನಡೆದ ಭೂಸ್ವಾಧೀನವನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿದುದು ಅಂಥದೊಂದು ಸಂಘದ ಪ್ರಕರಣದಲ್ಲಿಯೇ. ಆದರೆ ಸಂಘ ತಪ್ಪಿದಾಗ ಎಲ್ಲಿ ತಪ್ಪಿತೆಂದು ಹುಡುಕಲು ಕಾಗದವಾದರೂ ಇರುತ್ತದೆ. ಗೆಳೆಯರ ಬಾಯಿಮಾತು ತಪ್ಪಿದಾಗ ಹುಡುಕಲು ಉಳಿಯುವುದು ಜ್ಞಾಪಕವೊಂದೇ. ಮತ್ತು ಬೆಲೆ ಏರಿದ ನೆಲದ ವಿಷಯದಲ್ಲಿ ಮನುಷ್ಯನ ಜ್ಞಾಪಕ ಬಹಳ ಚಮತ್ಕಾರದ ವಸ್ತು.

ಕಾನೂನು ಈ ವ್ಯವಹಾರವನ್ನು ಹೇಗೆ ನೋಡುತ್ತದೆಂಬುದನ್ನು ಒಂದು ಉದಾಹರಣೆಯಿಂದ ಗ್ರಹಿಸಬಹುದು. ನಾಲ್ವರು ಸ್ನೇಹಿತರು 80 ಲಕ್ಷ ರೂಪಾಯಿಗೆ ಒಂದು ಎಕರೆ ಭೂಮಿಯನ್ನು ಕೊಂಡರೆನ್ನೋಣ. ಒಬ್ಬನು 32 ಲಕ್ಷ ಕೊಟ್ಟನು; ಉಳಿದ ಮೂವರು 16 ಲಕ್ಷದಂತೆ ಕೊಟ್ಟರು. ಕ್ರಯಪತ್ರದಲ್ಲಿ ನಾಲ್ವರ ಹೆಸರೂ ಇದೆ. ಯಾರ ಪಾಲು ಎಷ್ಟೆಂಬುದು ಮಾತ್ರ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 45ನೆಯ ಪ್ರಕರಣದ ಪ್ರಕಾರ ಅವರವರ ಹಣಕ್ಕೆ ತಕ್ಕ ಪಾಲು ಅವರವರಿಗೆ ಸೇರಬೇಕು. ಆದರೆ ಯಾರು ಎಷ್ಟು ಕೊಟ್ಟರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಎಲ್ಲರ ಪಾಲೂ ಸಮವೆಂದು ಭಾವಿಸಬೇಕು. ಎಕರೆಗೆ 40 ಗುಂಟೆ. ಸಾಕ್ಷ್ಯವಿದ್ದರೆ ಮೊದಲಿನವನಿಗೆ 16 ಗುಂಟೆ, ಇಲ್ಲದಿದ್ದರೆ 10 ಗುಂಟೆ. ಗುಂಟೆಗೆ 1,089 ಚದರ ಅಡಿಯಾದುದರಿಂದ ಈ 6 ಗುಂಟೆಯ ವ್ಯತ್ಯಾಸವು ಮೂವತ್ತು ನಲವತ್ತರ ಐದು ನಿವೇಶನಗಳಿಗಿಂತ ದೊಡ್ಡದು. ಕ್ರಯಪತ್ರದಲ್ಲಿ ಒಂದು ಸಾಲು ಹೆಚ್ಚಾಗಿ ಬರೆಯಿಸಲು ಸಂಕೋಚಪಟ್ಟದ್ದರ ಬೆಲೆ ಅದು.

ಸಂಕೋಚವೆಂದೆನಲ್ಲ, ಅದೇ ಈ ವಿಷಯದ ತಿರುಳು. ಈಚೆಗೆ ನನ್ನ ತಮ್ಮನ ಮಗನು ನನ್ನಲ್ಲಿಗೆ ಬಂದು, ತಾನೂ ತನ್ನ ಮೂವರು ಗೆಳೆಯರೂ ಸೇರಿ ಒಂದೂವರೆ ಎಕರೆ ಕೊಳ್ಳಲಿರುವುದಾಗಿಯೂ, ನಾನೂ ಸ್ವಲ್ಪ ಹಣ ಹಾಕಿದರೆ ಐದನೆಯ ಪಾಲು ನನ್ನದಾಗುವುದಾಗಿಯೂ ತಿಳಿಸಿದನು. ಕರಾರುಪತ್ರ ಎಲ್ಲಿದೆಯೆಂದು ಕೇಳಿದೆನು. "ದೊಡ್ಡಪ್ಪ, ಹದಿನೈದು ವರ್ಷದ ಸ್ನೇಹ ನಮ್ಮದು, ಈಗ ಕಾಗದ ಕೇಳಿದರೆ ಅವರು ಏನೆಂದುಕೊಂಡಾರು?" ಎಂದನು. ಅವನ ಮಾತಿನಲ್ಲಿ ಸೌಜನ್ಯವಿತ್ತು. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಭೂಮಿಯನ್ನು ಯಾರ ಹೆಸರಿಗೆ ಮಾಡಿಸುತ್ತೀರೆಂದು ಕೇಳಿದಾಗ, ಓಡಾಟಕ್ಕೆ ಅನುಕೂಲವಾಗಲೆಂದು ಸದ್ಯಕ್ಕೆ ಒಬ್ಬನ ಹೆಸರಿಗೆ ಎಂದು ಉತ್ತರ ಬಂದಿತು. ಆಗ ನಾನು ಅವನನ್ನು ಕುಳ್ಳಿರಿಸಿ ಹೇಳಿದ ಸಂಗತಿಗಳನ್ನೇ ಓದುಗರ ಮುಂದೆಯೂ ಇಡುತ್ತೇನೆ.

ಹಲವರ ಹಣದಿಂದ ಒಬ್ಬನ ಹೆಸರಿಗೆ ನೆಲ ಕೊಳ್ಳುವುದು ಬೇನಾಮಿ ವ್ಯವಹಾರದ ವಲಯಕ್ಕೆ ಕಾಲಿಟ್ಟಂತೆ. ಅದನ್ನು ನಿಷೇಧಿಸುವ ಕಾಯಿದೆ 1988ರಲ್ಲಿಯೇ ಬಂದಿತು. 2016ರ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು. ಅಪರಾಧ ಸಾಬೀತಾದರೆ ಒಂದರಿಂದ ಏಳು ವರ್ಷದವರೆಗೆ ಕಠಿಣ ಸೆರೆ, ಆಸ್ತಿಯ ಪೇಟೆಬೆಲೆಯ ನೂರಕ್ಕೆ 25ರವರೆಗೆ ದಂಡ. ಆಸ್ತಿಯೂ ಸರ್ಕಾರದ ವಶ. ಗಂಡ, ಹೆಂಡತಿ, ಮಕ್ಕಳ ಹೆಸರಿನಲ್ಲಿ ಗೊತ್ತಾದ ಮೂಲದ ಹಣದಿಂದ ಕೊಂಡರೆ ವಿನಾಯಿತಿ ಇದೆ. ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿಗಳ ಹೆಸರಿನಲ್ಲಿ ಕೊಂಡರೆ, ಹಣ ಕೊಟ್ಟವನ ಹೆಸರೂ ಜಂಟಿ ಮಾಲೀಕನೆಂದು ಯಾವುದಾದರೊಂದು ದಾಖಲೆಯಲ್ಲಿ ಕಾಣಬೇಕು. ಗೆಳೆಯನು ಈ ಪಟ್ಟಿಯಲ್ಲಿಯೇ ಇಲ್ಲ. ಷಡ್ಡಕನೂ ಇಲ್ಲ, ಭಾವಮೈದುನನೂ ಇಲ್ಲ. ಹೆಸರಿದ್ದವನು ನಾಳೆ ಇದು ನನ್ನದೇ ಎಂದರೆ, ಬೇನಾಮಿ ಆಸ್ತಿಯೆಂದು ಹೇಳಿಕೊಂಡು ಅದನ್ನು ಮರಳಿ ಪಡೆಯಲು ದಾವೆ ಹೂಡುವುದನ್ನೂ ಆ ಕಾಯಿದೆ ತಡೆಯುತ್ತದೆ. ಸ್ನೇಹಿತನಿಗೆ ದುರ್ಬುದ್ಧಿಯೇ ಬರಬೇಕೆಂದಿಲ್ಲ. ಅವನು ಸತ್ತರೂ ಸಾಕು, ಅವನ ವ್ಯಾಪಾರ ಮುರಿದು ಸಾಲಗಾರರು ಬಾಗಿಲಿಗೆ ಬಂದರೂ ಸಾಕು.

ಕ್ರಯಪತ್ರದ ಬದಲು ಅಧಿಕಾರಪತ್ರದ ಮೇಲೆ ನೆಲ ಕೈಬದಲಾಗುವ ಅಭ್ಯಾಸವೂ ನಮ್ಮಲ್ಲಿ ಬೇರೂರಿದೆ. ಜಿಪಿಎ ಎಂಬ ಮೂರಕ್ಷರವನ್ನು ಮಂತ್ರದಂತೆ ಜಪಿಸುವವರಿದ್ದಾರೆ. ಅಧಿಕಾರಪತ್ರ, ಒಪ್ಪಂದ ಮತ್ತು ಉಯಿಲುಗಳ ಮೂಲಕ ನಡೆಯುವ ಮಾರಾಟದಿಂದ ಸ್ವತ್ತಿನ ಹಕ್ಕು ವರ್ಗಾವಣೆಯಾಗುವುದಿಲ್ಲವೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ. ಹಾಗೆಯೇ, ಬೇಸಾಯದ ಭೂಮಿಯನ್ನು ಕೊಳ್ಳಲು ಈಗ ತಡೆಯಿಲ್ಲವೆಂದ ಮಾತ್ರಕ್ಕೆ ಅದರ ಮೇಲೆ ಮನೆ ಕಟ್ಟಬಹುದೆಂದು ಅರ್ಥವಲ್ಲ; 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಭೂಪರಿವರ್ತನೆ ಆಗಬೇಕು. ಪಹಣಿಯಲ್ಲಿ ಐದು ಹೆಸರು ಕೂಡಿ ಕುಳಿತು, ಪೋಡಿಯಾಗದೆ ಉಳಿದ ನೆಲದಲ್ಲಿ ಪ್ರತಿಯೊಬ್ಬನೂ ಮೂಲೆಯ ಮಾವಿನಮರದ ಕಡೆಯ ಭಾಗವೇ ತನ್ನದೆಂದು ಹೇಳತೊಡಗಿದರೆ ತೀರ್ಮಾನಿಸುವವರಾರು? ಹಕ್ಕಿನ ಪಾಲು ಗೊತ್ತಾಗುವುದು ಬೇರೆ, ನೆಲದ ಮೇಲೆ ಚಕ್ಕುಬಂದಿ ಗೊತ್ತಾಗುವುದು ಬೇರೆ.

ಕೊಳ್ಳುವವರ ಕೂಟವನ್ನು ಕುರಿತು ಇಷ್ಟು ಹೇಳಿದ ಮೇಲೆ ಮಾರುವವನ ಮನೆಯ ಕಡೆಗೂ ನೋಡಬೇಕು. ಏಕೆಂದರೆ ಅಲ್ಲಿಯೂ ಒಂದು ಕುಟುಂಬವಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧವಾದ ಪಾಲನ್ನು ಕರ್ನಾಟಕವು 1994ರಲ್ಲಿಯೇ ತನ್ನ ತಿದ್ದುಪಡಿಯ ಮೂಲಕ, ಕೆಲವು ಮಿತಿಗಳೊಡನೆ, ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂದಿತು. 2020ರ ವಿನೀತಾ ಶರ್ಮ ತೀರ್ಪು, 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹಕ್ಕೇ ಎಂದಿತು. ಆದರೂ ಅಣ್ಣತಮ್ಮಂದಿರ ರುಜು ಮಾತ್ರ ಪಡೆದು ಕ್ರಯ ಮುಗಿಸುವ ಆತುರ ಇನ್ನೂ ಹೋಗಿಲ್ಲ. ಹತ್ತು ವರ್ಷದ ಮೇಲೆ ಆ ಮನೆಯ ಮಗಳೊಬ್ಬಳು ನ್ಯಾಯವಾಗಿಯೇ ತನ್ನ ಪಾಲನ್ನು ಕೇಳುತ್ತಾಳೆ. ಆಗ ಐವರು ಗೆಳೆಯರು, ಇದನ್ನು ಮೊದಲೇ ವಿಚಾರಿಸಬೇಕಾಗಿದ್ದವರು ಯಾರೆಂದು ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತಾರೆ. ಎಲ್ಲರ ಕೆಲಸವಾದುದು ಯಾರ ಕೆಲಸವೂ ಆಗಿರುವುದಿಲ್ಲ.

ಇವೆಲ್ಲವೂ ಪ್ರವೇಶದ ಮಾತು. ನಿಜವಾದ ಪರೀಕ್ಷೆ ನಿರ್ಗಮನದಲ್ಲಿದೆ. ಕೊಳ್ಳುವ ದಿನ ಎಲ್ಲರ ಮನಸ್ಸೂ ಒಂದೇ. ಮಾರುವ ದಿನ ಒಬ್ಬೊಬ್ಬರ ಗಡಿಯಾರ ಒಂದೊಂದು. ಒಬ್ಬನಿಗೆ ಮಗಳ ಮದುವೆ, ಈಗಲೇ ಹಣ ಬೇಕು. ಇನ್ನೊಬ್ಬನು ಹೊರದೇಶದಲ್ಲಿದ್ದಾನೆ, ಇನ್ನೂ ಹತ್ತು ವರ್ಷ ಕಾಯಬಲ್ಲನು. ಮೂರನೆಯವನ ತಾಯಿಗೆ ಶಸ್ತ್ರಚಿಕಿತ್ಸೆ. ಅವಸರವಿದ್ದವನು ತನ್ನ ಪಾಲನ್ನು ಹೊರಗಿನವನಿಗೆ ಮಾರಿಬಿಟ್ಟರೆ 44ನೆಯ ಪ್ರಕರಣದಂತೆ ಅದು ಸಿಂಧುವೇ ಆಗುತ್ತದೆ. ಮಾರನೆಯ ದಿನ ಉಳಿದವರ ಪಾಲುದಾರನಾಗಿ ಅವರು ಕಂಡೂ ಕೇಳರಿಯದವನೊಬ್ಬನು ಬಂದು ನಿಲ್ಲುತ್ತಾನೆ. ಅವಿಭಕ್ತ ಕುಟುಂಬದ ವಾಸದ ಮನೆಯ ವಿಷಯದಲ್ಲಾದರೆ ಹೊರಗಿನವನ ಪಾಲನ್ನು ತಾವೇ ಕೊಂಡುಕೊಳ್ಳುವ ರಕ್ಷಣೆಯನ್ನು 1893ರ ವಿಭಾಗ ಕಾಯಿದೆ ಮನೆಯವರಿಗೆ ಕೊಟ್ಟಿದೆ. ಗೆಳೆಯರ ನೆಲಕ್ಕೆ ಅಂಥ ರಕ್ಷಣೆ ತಾನಾಗಿ ಬರುವುದಿಲ್ಲ. ಕರಾರಿನಲ್ಲಿ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪಾಲು ಮಾಡಿಕೊಳ್ಳೋಣವೆಂದರೆ, ಮೂವತ್ತು ನಲವತ್ತರ ನಿವೇಶನವನ್ನು ನಾಲ್ವರಿಗೆ ಹಂಚಿದರೆ ತಲೆಗೆ 300 ಚದರ ಅಡಿ ಬರುತ್ತದೆ, ಅದರಲ್ಲಿ ಕಟ್ಟುವುದೇನನ್ನು? ಇಂಥ ಸಂದರ್ಭದಲ್ಲಿ ಅರ್ಧ ಅಥವಾ ಅದಕ್ಕೆ ಮೇಲ್ಪಟ್ಟ ಹಕ್ಕುಳ್ಳವರು ಕೇಳಿಕೊಂಡರೆ ನ್ಯಾಯಾಲಯವು ಸ್ವತ್ತನ್ನೇ ಮಾರಿ ಹಣ ಹಂಚಲು ಆಜ್ಞೆ ಮಾಡಬಹುದು. ಆದರೆ ವಿಭಾಗದ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ನಡುವೆ ಕಮಿಷನರರ ವರದಿ, ಎಲ್ಲಕ್ಕೂ ಮೇಲ್ಮನವಿ. ಮಗಳ ಮದುವೆಗೆಂದು ಹಣ ಕೇಳಿದವನಿಗೆ ಅದು ಮೊಮ್ಮಗಳ ನಾಮಕರಣಕ್ಕೆ ದೊರೆತರೆ ಪುಣ್ಯ.

ಇದಕ್ಕಿಂತ ಗಂಭೀರವಾದುದು ಸಾವಿನ ಪ್ರಶ್ನೆ. ಒಬ್ಬ ಗೆಳೆಯನು ತೀರಿಕೊಂಡರೆ ಅವನ ಪಾಲು ಉಳಿದ ಗೆಳೆಯರಿಗೆ ಸೇರುವುದಿಲ್ಲ, ಅವನ ವಾರಸುದಾರರಿಗೆ ಸೇರುತ್ತದೆ. ಉಯಿಲಿಲ್ಲದೆ ತೀರಿಕೊಂಡ ಹಿಂದೂ ಪುರುಷನ ಸ್ವಾರ್ಜಿತ ಆಸ್ತಿ 1956ರ ಉತ್ತರಾಧಿಕಾರ ಕಾಯಿದೆಯಂತೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮನಾಗಿ ಹೋಗುತ್ತದೆ. ನಾಲ್ವರಲ್ಲಿ ಇಬ್ಬರು ತೀರಿಕೊಂಡರೆನ್ನೋಣ. ಒಬ್ಬನಿಗೆ ತಾಯಿ, ಹೆಂಡತಿ, ಮೂವರು ಮಕ್ಕಳು. ಇನ್ನೊಬ್ಬನಿಗೆ ಹೆಂಡತಿ, ಇಬ್ಬರು ಮಕ್ಕಳು. ನಾಲ್ಕು ರುಜುಗಳಿದ್ದಲ್ಲಿ ಈಗ ಹತ್ತು ರುಜುಗಳು ಬೇಕು. ಮಕ್ಕಳಲ್ಲಿ ಅಪ್ರಾಪ್ತವಯಸ್ಕರಿದ್ದರೆ ಅವರ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು. ಈ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಆ ಮೂಲ ಸ್ನೇಹದ ನೆನಪೇ ಇಲ್ಲ. "ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು" ಎಂಬ ಗಾದೆಯನ್ನು ನಮ್ಮ ಹಿರಿಯರು ಒಂದೇ ರಕ್ತದವರನ್ನು ಕುರಿತು ಹೇಳಿದರು. ರಕ್ತಸಂಬಂಧವೂ ಇಲ್ಲದ ಹತ್ತು ಮಂದಿಯನ್ನು ಒಂದು ಸರ್ವೆ ನಂಬರಿಗೆ ಕಟ್ಟಿಹಾಕಿದರೆ ಅವರನ್ನು ಏನೆಂದು ಕರೆಯುತ್ತಿದ್ದರೋ!

ಮಾತುಕತೆಯ ಮೇಜಿನ ಸುತ್ತ ಸಾಮಾನ್ಯವಾಗಿ ಕಾಣದ ಒಬ್ಬರಿದ್ದಾರೆ, ಅವರನ್ನು ಮರೆಯಬಾರದು. ಗಂಡನು ಗೆಳೆಯರೊಡನೆ ನೆಲ ಕೊಳ್ಳುವಾಗ ಕೊನೆಯ ಕಂತಿಗೆ ಹಣ ಸಾಲದೆ ಬಂದರೆ ಹೆಂಡತಿಯ ಬಳೆಗಳು ಬ್ಯಾಂಕಿಗೆ ಹೋಗುತ್ತವೆ. ಬಳೆ ಹೋದದ್ದು ಅವಳಿಗೆ ಗೊತ್ತು. ನೆಲ ಎಲ್ಲಿದೆ, ಪಾಲು ಎಷ್ಟು, ಮೂಲಪತ್ರ ಯಾರ ಬೀರುವಿನಲ್ಲಿದೆ ಎಂಬುದು ಗೊತ್ತಿಲ್ಲ. ಗಂಡನಿಲ್ಲದ ದಿನ ಅವಳು ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು? ಹಾಗೆ ನಿಂತವರನ್ನು ನಾನು ಕಂಡಿದ್ದೇನೆ. ನಿನ್ನೆಯವರೆಗೆ "ಅತ್ತಿಗೆ" ಎಂದು ಬಾಯ್ತುಂಬ ಕರೆಯುತ್ತಿದ್ದವರು ಅಂದು "ಲೆಕ್ಕ ನೋಡಬೇಕು" ಎನ್ನುತ್ತಾರೆ. ಅವರು ಕೆಟ್ಟವರಲ್ಲ, ನೋಡಲು ಲೆಕ್ಕವೇ ಇರುವುದಿಲ್ಲ. ಹಣ ಹಾಕಿದವಳ ಹೆಸರು ಕ್ರಯಪತ್ರದಲ್ಲಿ ಇರಬೇಕೆನ್ನುವುದು ಉಪಕಾರದ ಮಾತಲ್ಲ, ನ್ಯಾಯದ ಮಾತು.

ಹಾಗಾದರೆ ಕೂಡಿ ಕೊಳ್ಳಲೇಬಾರದೇ? ನಾನು ಹಾಗೆನ್ನುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ. ಆ ಹೊರೆ ಕಟ್ಟಲು ಹಗ್ಗ ಬೇಕು ಎನ್ನುವುದಷ್ಟೆ ನನ್ನ ವಾದ. ತಮ್ಮನ ಮಗನಿಗೆ ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟುದು ಇಷ್ಟು: ಹಣ ಕೊಟ್ಟವರೆಲ್ಲರ ಹೆಸರೂ ಪಾಲಿನ ಪ್ರಮಾಣವೂ ನೋಂದಣಿಯಾದ ಕ್ರಯಪತ್ರದಲ್ಲಿಯೇ ಇರಲಿ. ಹಣ ಬ್ಯಾಂಕಿನ ಮೂಲಕವೇ ಸಾಗಲಿ. ಬೇಸಾಯದ್ದಲ್ಲದ ಸ್ವತ್ತಿನ ಕ್ರಯ 50 ಲಕ್ಷ ಅಥವಾ ಹೆಚ್ಚಾದರೆ ನೂರಕ್ಕೆ ಒಂದರಂತೆ ತೆರಿಗೆ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ನಾಲ್ವರು ಹಂಚಿಕೊಂಡರೆ ತಲೆಗೆ 50 ಲಕ್ಷವಾಗಲಿಲ್ಲವೆಂಬ ಜಾಣತನಕ್ಕೆ 2024ರ ಅಕ್ಟೋಬರ್ 1ರಿಂದ ಎಡೆಯಿಲ್ಲ, ಒಟ್ಟು ಕ್ರಯವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬೇರೆಯಾಗಿ ಒಂದು ಕರಾರು ಮಾಡಿಕೊಂಡು, ಬೇಲಿ, ಕಂದಾಯ, ಕಾವಲುಗಾರನ ಖರ್ಚು ಹೇಗೆ ಹಂಚಬೇಕು, ಮೂಲಪತ್ರ ಯಾರ ವಶದಲ್ಲಿರಬೇಕು, ಎಷ್ಟು ವರ್ಷದ ಮೇಲೆ ಮಾರಬೇಕು, ಮಧ್ಯದಲ್ಲಿ ಬಿಡುವವನ ಪಾಲನ್ನು ಮೊದಲು ಕೊಳ್ಳುವ ಹಕ್ಕು ಯಾರಿಗೆ, ಅದರ ಬೆಲೆ ಕಟ್ಟುವವರು ಯಾರು, ಒಬ್ಬನು ತೀರಿಕೊಂಡರೆ ಅವನ ಮನೆಯವರಿಗೆ ಏನು ತಿಳಿಸಬೇಕು ಎಂಬ ಆರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬರೆದುದನ್ನು ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಓದಿ ಹೇಳಲಿ. ಕೊನೆಯದಾಗಿ, ಹತ್ತು ವರ್ಷ ಮರೆತಿರಬಹುದಾದ ಹಣವನ್ನು ಮಾತ್ರ ಇದಕ್ಕೆ ಹಾಕಿ. ಮಕ್ಕಳ ಶುಲ್ಕದ ಹಣವನ್ನೂ ಔಷಧಿಯ ಹಣವನ್ನೂ ಹಾಕಬೇಡಿ.

ಇಷ್ಟು ತಾಪತ್ರಯ ಬೇಡವೆನ್ನುವವರಿಗೆ ಬೇರೆ ದಾರಿಯೂ ಈಗ ಇದೆ. ಕಟ್ಟಡಗಳ ಬಾಡಿಗೆಯಲ್ಲಿ ಪಾಲು ಕೊಡುವ ರೀಟ್ ಎಂಬ ನ್ಯಾಸಗಳಿಗೆ 2014ರಲ್ಲಿ ಸೆಬಿ ನಿಯಮ ಮಾಡಿತು. ಅವುಗಳಲ್ಲಿ ಮೊದಲನೆಯದು 2019ರಲ್ಲಿ ಷೇರುಪೇಟೆಗೆ ಬಂದಿತು, ಅದು ಬೆಂಗಳೂರಿನದೇ. ಸಣ್ಣ ಪ್ರಮಾಣದ ರೀಟ್‌ಗಳಿಗೂ 2024ರಲ್ಲಿ ನಿಯಮಗಳಾಗಿವೆ. ಅಲ್ಲಿ ಲಾಭನಷ್ಟಗಳು ಪೇಟೆಗೆ ಸೇರಿದ್ದು. ಸ್ನೇಹವನ್ನು ಅಡವಿಡುವ ಅಗತ್ಯವಿಲ್ಲ. ಆದರೆ ಕಾಲಿಟ್ಟು ನಿಂತು "ಇದು ನಮ್ಮದು" ಎನ್ನುವ ಸುಖವೂ ಅಲ್ಲಿಲ್ಲ. ನಮ್ಮವರಿಗೆ ಆ ಸುಖ ಬೇಕು.

ಆ ಸುಖಕ್ಕೆ ಸಮಾಜವೂ ಒಂದು ಬೆಲೆ ತೆರುತ್ತಿದೆ. ನಗರದ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳು ಇಂದು ಕಲ್ಲುಕಂಬದ ಬೇಲಿಯೊಳಗೆ ಬೆಳೆಯಿಲ್ಲದೆ ಬಿದ್ದಿವೆ. ಮಾರಿದ ರೈತನು ಉಳುವಂತಿಲ್ಲ, ಕೊಂಡವರು ಉಳುವುದಿಲ್ಲ. ಐದು ಮಂದಿ ಮಾಲೀಕರಲ್ಲಿ ಒಬ್ಬನಾದರೂ ವರ್ಷಕ್ಕೊಮ್ಮೆ ಹೋಗಿ ಅಲ್ಲಿ ನಾಲ್ಕು ಸಸಿ ನೆಟ್ಟು ಬಂದರೆ ನೆಲಕ್ಕೂ ಸ್ನೇಹಕ್ಕೂ ಮೇಲಾದೀತು.

ಬರವಣಿಗೆ ಕೇಳುವುದು ಅಪನಂಬಿಕೆಯ ಲಕ್ಷಣವೆಂಬ ಭಾವನೆಯನ್ನು ನಾವು ಬಿಡಬೇಕಾಗಿದೆ. ಇಂದಿನ ಗೆಳೆಯನನ್ನು ನಂಬದೆ ಯಾರೂ ಬರೆಯಿಸಿಕೊಳ್ಳಬೇಕಾಗಿಲ್ಲ. ಇಪ್ಪತ್ತು ವರ್ಷದ ಮೇಲೆ ಅವನು ಮರೆತಿರಬಹುದು, ನಾವೂ ಮರೆತಿರಬಹುದು, ಇಬ್ಬರೂ ಇಲ್ಲದೆಯೇ ಇರಬಹುದು ಎಂಬ ಅರಿವಿನಿಂದ ಬರೆಯಿಸಿಕೊಂಡರೆ ಸಾಕು. ಭೂಮಿ ನಮಗಿಂತ ಹೆಚ್ಚು ಕಾಲ ಬಾಳುವ ವಸ್ತು. ಅದನ್ನು ಕೊಳ್ಳುವವರ ಮಾತೂ ಅವರಿಗಿಂತ ಹೆಚ್ಚು ಕಾಲ ಬಾಳಬೇಕಾದರೆ ಅದು ಕಾಗದಕ್ಕೆ ಇಳಿಯಬೇಕು.